ಜೋನ್ ಹಿಕ್ಸನ್ ಅವರ ಮಿಸ್ ಮಾರ್ಪಲ್: ಹನ್ನೆರಡು ಕಥೆಗಳ ಡಿವಿಡಿ ಪೆಟ್ಟಿಗೆ

ಈ ಮಳೆಗಾಲ ಪೂರ್ತಿ ಸಾಗರದ ಮನೆಯಲ್ಲಿ ಅಮ್ಮನ ಜೊತೆ ಕೂತು ಹನ್ನೆರಡೂ ಕಥೆ ನೋಡಿದೆ. ಮಿಸ್ ಮಾರ್ಪಲ್ ಅಂದರೆ ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿ ಸೃಷ್ಟಿಸಿದ, ಕೊಲೆಗಳ ಗುಟ್ಟು ಬಿಡಿಸುವ ಹಳ್ಳಿಯ ಮುದುಕಿ. ಅವರ ಕಾದಂಬರಿಗಳು ಇರುವುದೇ ಹನ್ನೆರಡು. ಬಿಬಿಸಿ 1984ರಿಂದ 1992ರವರೆಗೆ ಒಂದನ್ನೂ ಬಿಡದೆ ತೆರೆಗೆ ತಂದಿತು. ಅಷ್ಟರಲ್ಲೂ ಮಾರ್ಪಲ್ ಆಗಿ ನಟಿಸಿದ್ದು ಜೋನ್ ಹಿಕ್ಸನ್ ಒಬ್ಬರೇ.

ಶುರುವಾದಾಗ ಅವರಿಗೆ 78 ವರ್ಷ. 1940ರ ದಶಕದಲ್ಲಿ ಅವರ ನಾಟಕ ನೋಡಿದ ಕ್ರಿಸ್ಟಿ, ಮುಂದೊಂದು ದಿನ ನೀವು ನನ್ನ ಮಾರ್ಪಲ್ ಆಗಬೇಕು ಅಂತ ಚೀಟಿ ಬರೆದಿದ್ದರಂತೆ. ಆ ದಿನ ಬರುವ ಹೊತ್ತಿಗೆ ಕ್ರಿಸ್ಟಿ ತೀರಿಕೊಂಡು ಎಂಟು ವರ್ಷವಾಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ.

ಹಿಕ್ಸನ್ ಮಾರ್ಪಲ್‌ರನ್ನು ಮುದ್ದು ಅಜ್ಜಿ ಮಾಡಿಲ್ಲ. ಹೆಣಿಗೆ ಹಾಕುತ್ತಾ ಕೂತಿರುತ್ತಾರೆ, ಎದುರಿನವರು ಬಾಯಿ ತಪ್ಪಿ ಏನೋ ಅಂದ ತಕ್ಷಣ ಕೈ ನಿಲ್ಲುತ್ತದೆ, ತಿಳಿಗಣ್ಣು ಮೇಲೆದ್ದು ಒಂದು ಗಳಿಗೆ ಅಲ್ಲೇ ನೆಡುತ್ತದೆ. ಆಮೇಲೆ ಮತ್ತೆ ಹೆಣಿಗೆ. ಅವರ ಪತ್ತೇದಾರಿಕೆಗೆ ಭೂತಗನ್ನಡಿ ಬೇಡ. ಕೊಲೆ ಮನೆಯಲ್ಲಿ ಸಿಕ್ಕವರನ್ನು ತಮ್ಮೂರು ಸೇಂಟ್ ಮೇರಿ ಮೀಡ್‌ನ ಯಾರಿಗೋ ಹೋಲಿಸಿ, ಇವರ ಬುದ್ಧಿ ಇಂಥದ್ದು ಅಂತ ತೂಗುತ್ತಾರೆ. ಇದು ಅಮ್ಮನಿಗೆ ನನಗಿಂತ ಮೊದಲೇ ತಿಳಿಯಿತು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ನಿಲ್ಲಿಸಿ ನಿಲ್ಲಿಸಿ ಹೇಳಬೇಕು. 'ದಿ ಬಾಡಿ ಇನ್ ದಿ ಲೈಬ್ರರಿ'ಯಲ್ಲಿ ಸತ್ತ ಹುಡುಗಿಯ ಉಗುರಿನ ಮಾತು ಬಂದಾಗ ಹೂಬತ್ತಿ ಹೊಸೆಯುತ್ತಿದ್ದವಳು ಕೈ ತಡೆದು, "ಅದನ್ನ ಸುಮ್ಮನೆ ಹೇಳಿಲ್ಲ ಕಣೇ, ನೆನಪಿಟ್ಕ" ಅಂದಳು.

ಸೇಂಟ್ ಮೇರಿ ಮೀಡ್‌ನ ಚಿತ್ರೀಕರಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ನೆದರ್ ವಾಲಪ್ ಹಳ್ಳಿಯಲ್ಲಿ. ಚಿತ್ರ ಹಳತು, ಕತ್ತಲ ದೃಶ್ಯಗಳು ಮಬ್ಬು. ಓಟವೂ ನಿಧಾನ. ಆತುರ ಇದ್ದವರಿಗೆ ಒಗ್ಗಲಿಕ್ಕಿಲ್ಲ.

'ಎ ಮರ್ಡರ್ ಈಸ್ ಅನೌನ್ಸ್ಡ್' ಎಲ್ಲಕ್ಕಿಂತ ಚೆನ್ನಾಗಿದೆ. ಇಂಥ ದಿನ, ಸಂಜೆ 6.30ಕ್ಕೆ, ಇಂಥ ಮನೆಯಲ್ಲಿ ಕೊಲೆ ಅಂತ ಊರಿನ ಪತ್ರಿಕೆಯಲ್ಲಿ ಜಾಹೀರಾತು. ಅಕ್ಕಪಕ್ಕದವರು ಒಂದೊಂದು ನೆಪ ಹೇಳಿಕೊಂಡು ಬಂದು ಕೂರುತ್ತಾರೆ. ಗಡಿಯಾರ ಹೊಡೆಯುತ್ತದೆ, ದೀಪ ಆರುತ್ತದೆ.

ಕೊನೆಗೆ ಇನ್ನೇನು ಗುಟ್ಟು ಬಿಡಬೇಕು, ನಮ್ಮ ಡಿಸ್ಕ್ ಕಚ್ಚಿಕೊಂಡು ನಿಂತಿತು. ಮಾರಿದವರಿಗೆ ಫೋಟೋ ಕಳಿಸಿದೆ, ಬೇರೆ ಡಿಸ್ಕ್ ಬರಲು ಎಂಟು ದಿನ ಹಿಡಿಯಿತು. ಎಂಟೂ ದಿನ ಅಮ್ಮನಿಗೆ ಅದೇ ಧ್ಯಾನ. ದೋಸೆ ಹುಯ್ಯುತ್ತಾ ಒಂದು ಬೆಳಗ್ಗೆ ಹೇಳಿದಳು: "ಯಾರು ಗುಂಡು ಹೊಡೆದ್ರು ಅಂತ ಎಲ್ಲರೂ ಕೇಳ್ತಾರೆ. ದೀಪ ಹೆಂಗೆ ಆರ್ತು ಅಂತ ಕೇಳಬೇಕು. ನಮ್ಮಲ್ಲಾದ್ರೆ ಕರೆಂಟು ತಾನಾಗೇ ಹೋಗ್ತದೆ. ಅಲ್ಲಿ ಯಾರೋ ತೆಗೆದಿರಬೇಕು."

ಹೊಸ ಡಿಸ್ಕ್ ಬಂತು. ಕೊಲೆಗಾರರು ಯಾರು ಅನ್ನುವುದರಲ್ಲಿ ಅಮ್ಮ ಸೋತಳು, ದೀಪದ ವಿಷಯದಲ್ಲಿ ಗೆದ್ದಳು. ಮುಗಿದದ್ದೇ ತಡ, ಬತ್ತಿಯ ತಟ್ಟೆ ಪಕ್ಕಕ್ಕಿಟ್ಟು, "ಮೊದಲಿಂದ ಹಾಕು, ಯಾರು ಯಾರು ಎಲ್ಲೆಲ್ಲಿ ಕೂತಿದ್ರು ನೋಡ್ತೆ" ಅಂದಳು. ಗಂಟೆ ಹತ್ತೂವರೆ. ಹಾಕಿದೆ.