ಅಂಬಾಸಿಡರ್, ಫಿಯೆಟ್, ಮಾರುತಿ: ಊರಿಗೆ ಬಂದ ಮೂರು ಕಾರು

ಮಾರುತಿ 800 ಮೊದಲ ಸಲ ನಮ್ಮೂರಿಗೆ ಬಂದ ದಿನ ಹುಡುಗರೆಲ್ಲ ಸೇರಿ ಅದರ ಬಾನೆಟ್ ಮೇಲೆ ಕೈ ಇಟ್ಟು ನೋಡಿದ್ದೆವು. ಇಂಜಿನ್ ಚಾಲೂ ಇದೆಯೋ ಇಲ್ಲವೋ ಅಂತ ಕಿವಿಗೆ ಗೊತ್ತಾಗಿರಲಿಲ್ಲ. ಅಂಗೈಗೆ ಸಣ್ಣ ನಡುಕ ತಾಗಿದಾಗಲೇ ನಂಬಿದ್ದು. ಅಲ್ಲಿವರೆಗೆ ನಮಗೆ ಗೊತ್ತಿದ್ದದ್ದು ಎರಡೇ ಕಾರು, ಅಂಬಾಸಿಡರ್ ಮತ್ತು ಫಿಯೆಟ್. ಅವು ತಿರುವು ದಾಟುವ ಮೊದಲೇ ಯಾವುದು ಬರ್ತಿದೆ ಅಂತ ಸದ್ದಿನಲ್ಲೇ ಹೇಳುತ್ತಿದ್ದೆವು.

ಮೂರರಲ್ಲೂ ಚಿಕ್ಕವನಿದ್ದಾಗ ಕೂತಿದ್ದೇನೆ. ದೊಡ್ಡವನಾದ ಮೇಲೆ ಮೂರನ್ನೂ ಓಡಿಸಿದ್ದೇನೆ. ಯಾವುದು ಚೆಂದ ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ. ಕೂರೋದಕ್ಕಾ, ಓಡಿಸೋದಕ್ಕಾ?

ಕೂರೋದಕ್ಕೆ ಅಂಬಾಸಿಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಬಂದ ಗಾಡಿ ಅದು. ಬಾಗಿಲು ದೊಡ್ಡದು, ಸೀಟು ಎತ್ತರ. ವಯಸ್ಸಾದವರು ಸೊಂಟ ಬಗ್ಗಿಸದೆ ಹತ್ತಿ ಕೂರಬಹುದಿತ್ತು. ಹಳೇ ಮಾಡೆಲ್‌ಗಳಲ್ಲಿ ಗೇರು ಸ್ಟೀರಿಂಗ್ ಪಕ್ಕದಲ್ಲೇ ಇತ್ತು. ಹಾಗಾಗಿ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕೆ, ಮೂರು ಜನ ಆರಾಮಾಗಿ ಕೂರುತ್ತಿದ್ದರು. ಇಂಜಿನ್ ಮುಂದೆ, ಅದು ತಿರುಗಿಸುವುದು ಹಿಂದಿನ ಚಕ್ರ. ನಡುವಿನ ಶಾಫ್ಟ್‌ಗೆ ಜಾಗ ಬೇಕಲ್ವಾ, ಅದಕ್ಕೇ ಹಿಂದೆ ಕಾಲಿಡುವ ಕಡೆ ಮಧ್ಯದಲ್ಲಿ ಒಂದು ಉಬ್ಬು. ಆ ಉಬ್ಬು ನನ್ನ ಜಾಗ. ಅದರ ಮೇಲೆ ನಿಂತು, ಮುಂದಿನ ಸೀಟಿನ ಬೆನ್ನು ಹಿಡಿದರೆ, ಡ್ರೈವರ್‌ಗೆ ಕಾಣುವ ರಸ್ತೆಯೆಲ್ಲ ನನಗೂ ಕಾಣುತ್ತಿತ್ತು. ಮಕ್ಕಳನ್ನು ಹಾಗೆ ನಿಲ್ಲಿಸುವುದು ಅಪಾಯ ಅಂತ ಈಗ ಗೊತ್ತಿದೆ. ಆಗ ಯಾರೂ ಬೇಡ ಅನ್ನಲಿಲ್ಲ.

ಓಡಿಸಲು ಕೂತರೆ ಕಥೆಯೇ ಬೇರೆ. ಪವರ್ ಸ್ಟೀರಿಂಗ್ ಇಲ್ಲದ ಹಳೇ ಗಾಡಿಯನ್ನು ನಿಂತಲ್ಲೇ ತಿರುಗಿಸಬೇಕೆಂದರೆ ಭುಜ ಸೋಲುತ್ತದೆ. ಆದರೆ 15 ಇಂಚಿನ ಚಕ್ರ ಗುಂಡಿಗೆ ಇಳಿದು ಏಳುವಾಗ ಹಿಂದೆ ಕೂತವರಿಗೆ ತೂಗಿದ ಹಾಗಿರುತ್ತದೆ, ಎತ್ತಿ ಹಾಕುವುದಿಲ್ಲ.

ಫಿಯೆಟ್ ಅಂಬಾಸಿಡರ್‌ಗೂ ಮಾರುತಿಗೂ ನಡುವಿನದು. ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಬದಲಾದ ಮೇಲೂ ಜನ ಕರೆದದ್ದು ಫಿಯೆಟ್ ಅಂತಲೇ. 1089 ಸಿಸಿ ಇಂಜಿನ್, ಇದಕ್ಕೂ ಸ್ಟೀರಿಂಗ್ ಗೇರು. ಅಂಬಾಸಿಡರ್‌ಗಿಂತ ಹಗುರ, ಕೈಗೆ ಬೇಗ ಒಗ್ಗುತ್ತದೆ. ಹಿಂದಿನ ಎರಡು ಮೂಲೆಯಲ್ಲಿ ಪುಟ್ಟ ರೆಕ್ಕೆಯಂಥ ಅಂಚು. ನೋಡೋದಕ್ಕೆ ಮೂರರಲ್ಲಿ ಇದೇ ಚೆಂದ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿ ಕೊಟ್ಟರು. ನಮ್ಮಂಥ ಊರುಗಳಿಗೆ ಅದು ತಲುಪಿದ್ದು ಆಮೇಲೆ, ನಿಧಾನಕ್ಕೆ. 796 ಸಿಸಿ, ಮೂರೇ ಸಿಲಿಂಡರ್. ಇಷ್ಟು ಚಿಕ್ಕ ಇಂಜಿನ್ ಏನು ಎಳೆದೀತು ಅಂತ ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಗಾಡಿ ಹಗುರ ಇದ್ದದ್ದರಿಂದ ಅದು ಚೆನ್ನಾಗೇ ಎಳೆಯಿತು. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಕ್ಲಚ್ ಮೆತ್ತಗೆ, ಗೇರು ಕೆಳಗೆ ಕೈಗೆ ಸಿಗುವ ಹಾಗೆ, ಇಕ್ಕಟ್ಟು ಸಂದಿಯಲ್ಲೂ ಸಲೀಸಾಗಿ ತಿರುಗುತ್ತದೆ. ಓಡಿಸೋದಕ್ಕೆ ನನ್ನ ಓಟು ಮಾರುತಿಗೇ, ಅನುಮಾನ ಬೇಡ. ಚಕ್ರ 12 ಇಂಚಿನದು, ಗುಂಡಿ ರಸ್ತೆಯಲ್ಲಿ ಮಾತ್ರ ನೋಡಿಕೊಂಡು ಹೋಗಬೇಕು.

ಮೊದಲ ಸಲ ಅದರಲ್ಲಿ ಹಿಂದೆ ಕೂತಾಗ ನಾನು ಹುಡುಕಿದ್ದು ಆ ಉಬ್ಬನ್ನೇ. ಇದರಲ್ಲಿ ಇಂಜಿನ್ ತಿರುಗಿಸೋದು ಮುಂದಿನ ಚಕ್ರ, ಹಿಂದಕ್ಕೆ ಶಾಫ್ಟ್ ಇಲ್ಲ. ಎತ್ತರಕ್ಕೆ ನಿಲ್ಲಲು ಜಾಗವೇ ಇರಲಿಲ್ಲ. ಸುಮ್ನೆ ಸೀಟಿನಲ್ಲಿ ಕೂತು ಪಕ್ಕದ ಕಿಟಕಿಯಿಂದ ನೋಡಿದೆ. ಮರಗಳು ಅಂಬಾಸಿಡರ್‌ನಲ್ಲಿ ಕಂಡದ್ದಕ್ಕಿಂತ ಬೇಗ ಹಿಂದೆ ಹೋಗುತ್ತಿದ್ದವು.