ಕರ್ತನ ಭೋಜನಕ್ಕೆ 40 ಕಪ್‌ಗಳ ಟ್ರೇ: ಕೊಳ್ಳುವ ಮುನ್ನ

ಯೇಸುವಿನ ಕೊನೆಯ ಊಟದ ನೆನಪಿಗೆ ಕ್ರೈಸ್ತ ಸಭೆಗಳು ರೊಟ್ಟಿ, ದ್ರಾಕ್ಷಿ ರಸ ಹಂಚಿಕೊಳ್ಳುವುದೇ ಕರ್ತನ ಭೋಜನ. ಅದರಲ್ಲಿ ಸಭೆಯವರೆಲ್ಲ ಒಂದೇ ಪಾತ್ರೆಗೆ ತುಟಿ ಹಚ್ಚುವ ಬದಲು ತಲೆಗೊಂದು ಪುಟ್ಟ ಕಪ್ ಕೊಡುವುದು ಕೋವಿಡ್‌ನಿಂದ ಬಂದ ಪದ್ಧತಿಯಲ್ಲ. ಅಂಟುರೋಗಗಳ ಭಯದಿಂದ 1890ರ ದಶಕದಲ್ಲೇ ಅಮೆರಿಕದ ಸಭೆಗಳು ಇದನ್ನು ಶುರುಮಾಡಿದ್ದವು. ಇಲ್ಲಿ ಹೇಳುತ್ತಿರುವುದು ಎಲ್ಲ ಕಡೆ ಸಿಗುವ ಸಾಧಾರಣ ಸೆಟ್ಟಿನ ಬಗ್ಗೆ: ದುಂಡನೆಯ ಅಲ್ಯೂಮಿನಿಯಂ ಟ್ರೇ, ಅದರಲ್ಲಿ 40 ತೂತು, 40 ಗಾಜಿನ ಕಪ್, ಮೇಲೊಂದು ಮುಚ್ಚಳ.

ಟ್ರೇ ಗಟ್ಟಿಯಾಗಿದೆ, ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ತೊಂದರೆ ತೂಕದ್ದು. ಗಾಜಿನ ಕಪ್ ತುಂಬಿದ ಒಂದು ಟ್ರೇ ಹತ್ತಿರಹತ್ತಿರ ಎರಡು ಕೆಜಿ ಆಗುತ್ತದೆ. ಬೆಂಚಿನಿಂದ ಬೆಂಚಿಗೆ ದಾಟಿಸುವಾಗ ವಯಸ್ಸಾದವರು ಒಂದು ಕೈಯಲ್ಲಿ ಟ್ರೇ ಹಿಡಿದು ಇನ್ನೊಂದು ಕೈಯಲ್ಲಿ ಕಪ್ ತೆಗೆಯಲಾರರು. ಹಾಗಾಗಿ ಟ್ರೇಯನ್ನು ಸಭೆಯ ಮುಖಂಡರೇ ಹಿಡಿದು ಸಾಲಿನ ಮುಂದೆ ನಿಲ್ಲಬೇಕು. ಮೊಣಕಾಲೂರಿದವರಿಗೆ ಕೊಡುವಾಗ ಅವರ ಎದೆಯ ಮಟ್ಟಕ್ಕಿಂತ ಕೆಳಗೆ ಹಿಡಿಯಬೇಕು. ಮೇಲೆ ಹಿಡಿದರೆ ಅವರಿಗೆ ಕಾಣುವುದು ಟ್ರೇಯ ಅಂಚು ಮಾತ್ರ.

ಎಲ್ಲರೂ ಎಡವುವುದು ಕಪ್ ತುಂಬಿಸುವಲ್ಲಿ. ಅಂಚಿನವರೆಗೆ ತುಂಬಿಸಿದರೆ ರಸ ತುಳುಕಿ ತೂತಿಗೆ ಇಳಿಯುತ್ತದೆ, ಅರ್ಧ ಗಂಟೆಯಲ್ಲಿ ಅಂಟಾಗುತ್ತದೆ. ಆಮೇಲೆ ನಡುಗುವ ಬೆರಳೊಂದು ಕಪ್ಪನ್ನು ಎತ್ತಲು ನೋಡುತ್ತದೆ, ಕಪ್ ಬರುವುದಿಲ್ಲ. ಜೋರಾಗಿ ಎಳೆದರೆ ಪಕ್ಕದ ನಾಲ್ಕು ಕಪ್ ಅಲುಗಿ ಬಿಳಿ ಸೀರೆಯ ಮೇಲೆ ಚೆಲ್ಲುತ್ತದೆ. ಪ್ರಾರ್ಥನೆಯಲ್ಲಿದ್ದ ಆ ತಾಯಿ ನಾಚಿಕೊಂಡು ಹೋಗುತ್ತಾರೆ. ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಕಪ್ಪಿಗೆ ಸುಮಾರು 8 ಮಿ.ಲೀ. ಸಾಕು. ಒಂದು ಟ್ರೇಗೆ 320 ಮಿ.ಲೀ., 200 ಜನರ ಸಭೆಗೆ ಕೆಲವು ಕಪ್ ಉಳಿಯುವಂತೆ ಆರು ಟ್ರೇ, ಸುಮಾರು ಎರಡು ಲೀಟರ್ ರಸ. ಸಪೂರ ಮೂತಿಯ ಪ್ಲಾಸ್ಟಿಕ್ ಬಾಟಲಿಯಿಂದ ಹಿಂಡಿ ತುಂಬಿಸಿದರೆ ಹನಿ ಬೀಳುವುದಿಲ್ಲ.

ರಸ ಮನೆಯಲ್ಲೇ ಮಾಡುವುದಾದರೆ ಬೆಂಗಳೂರು ಬ್ಲೂ ದ್ರಾಕ್ಷಿ ಒಳ್ಳೆಯದು; ಕೆಜಿಗೆ ಸುಮಾರು 600 ಮಿ.ಲೀ. ಸಿಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿ, ಬೀಜ ಜಜ್ಜದೆ ಬಟ್ಟೆಯಲ್ಲಿ ಸೋಸಿ. ಬೀಜ ಒಡೆದರೆ ಒಗರು. ಬಿಸಿ ಮಾಡದಿದ್ದರೆ ಸಿಪ್ಪೆಯ ಮೇಲಿನ ಯೀಸ್ಟ್‌ನಿಂದ ಎರಡು ಮೂರು ದಿನದಲ್ಲಿ ಹುದುಗುತ್ತದೆ. 1869ರಲ್ಲಿ ಅಮೆರಿಕದ ಮೆಥೊಡಿಸ್ಟ್ ಎಂಬ ಕ್ರೈಸ್ತ ಪಂಗಡದ ದಂತವೈದ್ಯ ಥಾಮಸ್ ವೆಲ್ಚ್ ರಸವನ್ನು ಬಿಸಿಮಾಡಿ ಹುದುಗು ತಡೆದದ್ದೂ ಕರ್ತನ ಭೋಜನಕ್ಕಾಗಿಯೇ. ಫ್ರಿಜ್ಜಿನಲ್ಲಿಟ್ಟ ರಸದ ತಳದಲ್ಲಿ ಸಣ್ಣ ಹರಳು ಕಂಡರೆ ಗಾಜು ಒಡೆಯಿತೆಂದು ಗಾಬರಿ ಬೇಡ, ಅದು ದ್ರಾಕ್ಷಿಯದೇ ಉಪ್ಪು. ಆದರೂ ಭಾನುವಾರ ಬೆಳಿಗ್ಗೆ ಇನ್ನೊಮ್ಮೆ ಸೋಸಿಬಿಡಿ. ಚೆಲ್ಲಿದ ರಸವನ್ನು ಒರೆಸದೆ ಬಿಟ್ಟರೆ ಅದರ ಹುಳಿಗೆ ಅಲ್ಯೂಮಿನಿಯಂ ಕಲೆಗಟ್ಟುತ್ತದೆ.

ಆರಾಧನೆ ಮುಗಿದ ಕೂಡಲೇ ಕಪ್‌ಗಳನ್ನು ಬಿಸಿನೀರಿನಲ್ಲಿ ಮುಳುಗಿಸಿ. ಸಂಜೆಯವರೆಗೆ ಬಿಟ್ಟರೆ ತಳದ ಕೆಂಪು ಚುಕ್ಕಿ ಬ್ರಶ್ಶಿಗೂ ಜಗ್ಗುವುದಿಲ್ಲ. ನಿಂಬೆ ವಾಸನೆಯ ಸಾಬೂನು ಬೇಡ, ಆ ಪರಿಮಳ ಮುಂದಿನ ತಿಂಗಳ ರಸದಲ್ಲೂ ಬರುತ್ತದೆ. ಖಾಲಿ ಕಪ್ ಇಡಲು ಬೆಂಚಿನ ಬೆನ್ನಿಗೆ ತೂತಿನ ಹಲಗೆ ಇಲ್ಲದಿದ್ದರೆ ಜನ ಅದನ್ನು ನೆಲದ ಮೇಲಿಡುತ್ತಾರೆ, ಏಳುವಾಗ ಯಾರೋ ತುಳಿಯುತ್ತಾರೆ. ಖಾಲಿ ಕಪ್‌ಗೆಂದೇ ಒಂದು ಟ್ರೇ ಹಿಂದೆ ಬರಲಿ. ಬಿಡಿ ಕಪ್ ಕೊಳ್ಳುವಾಗ ಹಳೆಯದೊಂದನ್ನು ಅಂಗಡಿಗೆ ಒಯ್ಯಿರಿ: ಎತ್ತರ ಸ್ವಲ್ಪ ಹೆಚ್ಚಾದರೂ ಮೇಲಿನ ಟ್ರೇ ಅದರ ಬಾಯಿಗೆ ತಾಗುತ್ತದೆ.

ರೊಟ್ಟಿಯೂ ರಸವೂ ಒಂದರಲ್ಲೇ ಇರುವ ಮೊಹರು ಹಾಕಿದ ಕಪ್‌ಗಳನ್ನು ಆಸ್ಪತ್ರೆಯಲ್ಲಿರುವವರಿಗೆ ಕೊಡಲು ಹೋಗುವಾಗ ಮಾತ್ರ ಬಳಸಬಹುದು. ಆರಾಧನೆಗೆ ಬೇಡ. ನಿಶ್ಶಬ್ದದ ನಡುವೆ ಇನ್ನೂರು ಹಾಳೆ ಹರಿಯುವ ಸದ್ದು ಕೇಳುತ್ತದೆ, ಕೀಲುನೋವಿನ ಬೆರಳಿಗೆ ಆ ತೆಳು ಹಾಳೆ ಸಿಕ್ಕುವುದೇ ಇಲ್ಲ.

ಪುಟ್ಟ ಕಪ್‌ಗಳ ಬಗ್ಗೆ ಇರುವ ಆಕ್ಷೇಪಣೆ ಸಣ್ಣದಲ್ಲ. ನಾವು ಅನೇಕರಾದರೂ ಒಂದೇ ರೊಟ್ಟಿಯಲ್ಲಿ ಪಾಲುಗಾರರಾದ್ದರಿಂದ ಒಂದೇ ದೇಹ ಎಂಬ ಅರ್ಥದಲ್ಲಿ ಅಪೊಸ್ತಲ ಪೌಲನು ಬೈಬಲಿನ ಒಂದು ಪತ್ರಿಕೆಯಲ್ಲಿ ಕೊರಿಂಥ ಪಟ್ಟಣದ ಸಭೆಗೆ ಬರೆದನು. 40 ತೂತು ಆ ಮಾತನ್ನು ಕಣ್ಣಿಗೆ ಕಾಣದಂತೆ ಮಾಡುತ್ತದೆ. ಅದಕ್ಕೆ ಮೇಜಿನ ಮೇಲೆ ಒಂದು ಇಡೀ ರೊಟ್ಟಿ, ಒಂದು ದೊಡ್ಡ ಪಾತ್ರೆ ಇರಲೇಬೇಕು. ಸಭಾಪಾಲಕರು ಎತ್ತಿ ಸ್ತೋತ್ರಮಾಡುವುದು ಅದನ್ನೇ. ಅದೇ ಪತ್ರಿಕೆಯಲ್ಲಿ ಅವನು ಒಬ್ಬರಿಗೊಬ್ಬರು ಕಾದುಕೊಳ್ಳಿರಿ ಎಂದೂ ಹೇಳಿದ್ದಾನೆ. ಇದಕ್ಕೆ ಟ್ರೇ ನಿಜಕ್ಕೂ ನೆರವಾಗುತ್ತದೆ. ಕೈಗೆ ಸಿಕ್ಕ ಕೂಡಲೇ ಯಾರೂ ಕುಡಿಯದೆ, ಕೊನೆಯ ಬೆಂಚಿನ ಕೊನೆಯವರಿಗೂ ಕಪ್ ಸಿಗುವವರೆಗೆ ಹಿಡಿದುಕೊಂಡು ಕೂರಿರೆಂದು ಸಭಾಪಾಲಕರು ಮೊದಲೇ ತಿಳಿಸಬೇಕು. ಪ್ರತಿ ಟ್ರೇಯಲ್ಲಿ ಎರಡು ಮೂರು ಕಪ್ ಹೆಚ್ಚಿಗೆ ಉಳಿಯುವಂತೆ ಲೆಕ್ಕ ಹಾಕಿ, ತಡವಾಗಿ ಬಂದವರೂ ಬರಿಗೈಯಲ್ಲಿ ಕೂರಬಾರದು.