ಒಂದು ಕಡಲು, ನಾಲ್ಕು ಪರದೆ: ‘ಅವತಾರ್’ ಎರಡನೆಯ ಭಾಗವನ್ನು ಎಲ್ಲಿ, ಹೇಗೆ ನೋಡಬೇಕು?

2022ರ ಡಿಸೆಂಬರ್ 16ರಂದು ತೆರೆಕಂಡ ‘ಅವತಾರ್: ದ ವೇ ಆಫ್ ವಾಟರ್’ ಚಿತ್ರವನ್ನು ನಾನು ನಾಲ್ಕು ಸಲ, ನಾಲ್ಕು ವಿಧದಲ್ಲಿ ನೋಡಿದ್ದೇನೆ. ಬಿಡುಗಡೆಯ ದಿನ ರಾತ್ರಿ ಮಂಗಳೂರಿನ ಮಾಲೊಂದರಲ್ಲಿ ಗೆಳೆಯರ ಜೊತೆ ಇಂಗ್ಲಿಷ್ ತ್ರೀಡಿ. ಎರಡು ದಿನ ಕಳೆದು ಭಾನುವಾರ ಉಡುಪಿಯಲ್ಲಿ ಅಪ್ಪ ಮತ್ತು ಮಗಳೊಂದಿಗೆ ಕನ್ನಡಕ್ಕೆ ಡಬ್ ಆದ ತ್ರೀಡಿ. ಜನವರಿಯಲ್ಲಿ ಬೆಂಗಳೂರಿನ ಐಮ್ಯಾಕ್ಸ್ ಎಂಬ ಬೃಹತ್ ಪರದೆ. ಜೂನ್‌ನಲ್ಲಿ ಚಿತ್ರ ಒಟಿಟಿಗೆ ಬಂದ ಮೇಲೆ ಮನೆಯ ಟಿ.ವಿ. ಈ ಸರಣಿಯ ಮೊದಲ ಚಿತ್ರ 2009ರ ಡಿಸೆಂಬರ್‌ನಲ್ಲಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಅಂದು ಕತೆ ನಡೆಯುವ ಪಂಡೋರಾ ಎಂಬ ಕಲ್ಪಿತ ಲೋಕದ ಕಾಡನ್ನು ಕಂಡು ಬೆರಗಾಗಿ ಹೊರಬಂದಿದ್ದ ನಮ್ಮ ಗುಂಪೇ ಹದಿಮೂರು ವರ್ಷಗಳ ಬಳಿಕ ಎರಡನೆಯ ಭಾಗಕ್ಕೂ ಒಟ್ಟಾಗಿ ಹೋಯಿತು. ಯಾವ ವಿಧದಲ್ಲಿ ನೋಡುವುದು ಮೇಲು ಎಂಬ ವಾದ ನಮ್ಮ ನಡುವೆ ಇನ್ನೂ ಮುಗಿದಿಲ್ಲವಾದ್ದರಿಂದ, ನಾನು ಕಂಡದ್ದನ್ನು ಕಂಡಂತೆ ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನ ರಾತ್ರಿ ಪ್ರದರ್ಶನ ಉತ್ಸಾಹದ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿತ್ತು. ಸಭಾಂಗಣದ ಬಹುಪಾಲು ಜನ ಕಾಲೇಜು ವಿದ್ಯಾರ್ಥಿಗಳು. ಮೊದಲ ಭಾಗದ ಹಕ್ಕಿಗಳು, ಗಿಡಗಳು, ಕುಲಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದವರು. ಮೆಟ್ಕಾಯಿನಾ ಎಂಬ ಕಡಲ ಕುಲದವರ ಊರು ಮೊದಲ ಸಲ ಕಾಣಿಸಿದಾಗ ಎದ್ದ ಚಪ್ಪಾಳೆಯಲ್ಲಿ ನನ್ನದೂ ಸೇರಿತ್ತು. ಆದರೆ ಚಿತ್ರದ ಬೆಳಕು ಸಾಕಾಗಿರಲಿಲ್ಲ. ಸಾಮಾನ್ಯ ಚಿತ್ರವೊಂದಕ್ಕೆ ಡಿಜಿಟಲ್ ಪ್ರೊಜೆಕ್ಟರ್ ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಮಾನ) ಬೆಳಕು ಬೀಳಿಸಬೇಕೆಂಬುದು ಅಂಗೀಕೃತ ಅಳತೆ. ತ್ರೀಡಿಯಲ್ಲಿ ಆ ಬೆಳಕು ಎರಡು ಕಣ್ಣಿಗೆ ಹಂಚಿಹೋಗಿ, ಕನ್ನಡಕದ ಗಾಜನ್ನೂ ದಾಟಿ ಬರಬೇಕಾದ್ದರಿಂದ ಅರ್ಧಕ್ಕಿಂತ ಬಹಳ ಕಡಿಮೆಯಾಗಿ ಕಣ್ಣು ತಲುಪುತ್ತದೆ. ದೀಪವನ್ನು ಹೊತ್ತಿಗೆ ಸರಿಯಾಗಿ ಬದಲಿಸದ ಕಡೆ ನಷ್ಟ ಇನ್ನೂ ಹೆಚ್ಚು. ಹಗಲಿನ ಹವಳದ ದಿಬ್ಬಗಳು ಚೆನ್ನಾಗಿಯೇ ಕಂಡವು; ಕೊನೆಯ ಒಂದು ಗಂಟೆಯಲ್ಲಿ, ಮುಳುಗುವ ಹಡಗಿನ ಒಳಗಿನ ಕತ್ತಲೆಯಲ್ಲಿ, ಯಾರು ಎಲ್ಲಿದ್ದಾರೆಂದು ತಿಳಿಯದೆ ನಾನು ಎರಡು ಮೂರು ಸಲ ಕನ್ನಡಕ ತೆಗೆದು ನೋಡಿದೆ. ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಅಕ್ಷರಗಳೂ ತೊಡಕಾದವು. ತ್ರೀಡಿಯಲ್ಲಿ ಅಕ್ಷರಗಳು ಮೂಗಿನ ಹತ್ತಿರ ತೇಲುತ್ತವೆ, ಪಾತ್ರಗಳು ಎಷ್ಟೋ ಆಳದಲ್ಲಿರುತ್ತವೆ; ಪ್ರತಿ ವಾಕ್ಯಕ್ಕೂ ಕಣ್ಣು ಹತ್ತಿರಕ್ಕೂ ದೂರಕ್ಕೂ ಓಡಾಡಬೇಕು. 192 ನಿಮಿಷ ಈ ಓಡಾಟ ನಡೆಸಿದ ಮೇಲೆ ನಮ್ಮಲ್ಲಿ ಇಬ್ಬರಿಗೆ ತಲೆನೋವು ಬಂದಿತ್ತು.

ಬೆಳಕಿನ ವಿಷಯದಲ್ಲಿ ಬೆಂಗಳೂರಿನ ಐಮ್ಯಾಕ್ಸ್‌ಗೆ ಸಾಟಿಯೇ ಇಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಸುಮಾರು 350 ಕಿಲೋಮೀಟರ್, ಶಿರಾಡಿ ಘಾಟಿ ಹತ್ತಿ ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ಹೋದದ್ದು ವ್ಯರ್ಥವಾಗಲಿಲ್ಲ. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಈ ಚಿತ್ರದ ನೀರೊಳಗಿನ ಮತ್ತು ಹಾರಾಟದ ಅನೇಕ ದೃಶ್ಯಗಳನ್ನು ಸೆಕೆಂಡಿಗೆ 48 ಫ್ರೇಮ್‌ಗಳ ವೇಗದಲ್ಲಿ ಸಿದ್ಧಪಡಿಸಿದ್ದಾರೆ. ಉಳಿದೆಡೆ ವಾಡಿಕೆಯ 24 ಫ್ರೇಮ್‌ಗಳೇ ಇವೆ. ಆ ವೇಗಕ್ಕೆ ಹೊಂದುವ ಪ್ರೊಜೆಕ್ಟರಿನಲ್ಲಿ ನೀರು ನೀರಾಗಿಯೇ ಕಾಣುತ್ತದೆ: ಮೀನಿನ ಗುಂಪು ತಿರುಗಿದಾಗ ಒಂದೊಂದು ಹೊಳಪೂ ಬೇರೆ ಬೇರೆಯಾಗಿ ಮಿಂಚುತ್ತದೆ, ಕೈ ಬೀಸಿದಾಗ ಬೆರಳುಗಳು ಕಲೆಸಿಹೋಗುವುದಿಲ್ಲ. ನಟರು ನಿಜವಾಗಿಯೂ ತೊಟ್ಟಿಯ ನೀರಿನೊಳಗೆ ಅಭಿನಯಿಸಿದ್ದರು. ಉಸಿರಾಟದ ಸಿಲಿಂಡರಿನ ಗುಳ್ಳೆಗಳು ಚಲನೆಯನ್ನು ದಾಖಲಿಸುವ ಕ್ಯಾಮೆರಾಗಳಿಗೆ ಅಡ್ಡಿಯಾಗುತ್ತಿದ್ದುದರಿಂದ ಅವರೆಲ್ಲ ಉಸಿರು ಬಿಗಿಹಿಡಿಯುವುದನ್ನು ಕಲಿಯಬೇಕಾಯಿತು. ಕೇಟ್ ವಿನ್ಸ್ಲೆಟ್ ಏಳು ನಿಮಿಷಕ್ಕೂ ಹೆಚ್ಚು ಕಾಲ ಉಸಿರು ಹಿಡಿದಿದ್ದರು. ಆ ಶ್ರಮದ ಬೆಲೆ ಏನೆಂಬುದು ನನಗೆ ಗೊತ್ತಾದದ್ದು ಬೆಂಗಳೂರಿನ ಪರದೆಯ ಮುಂದೆ ಕುಳಿತಾಗಲೇ. ಒಂದು ಕೊರತೆಯನ್ನು ಮಾತ್ರ ಹೇಳಬೇಕು: ಒಂದೇ ಸನ್ನಿವೇಶದಲ್ಲಿ ವೇಗ 48ರಿಂದ 24ಕ್ಕೆ ಇಳಿದಾಗ ಚಿತ್ರ ಒಂದು ಕ್ಷಣ ತಡವರಿಸಿದಂತೆ ಕಾಣುತ್ತದೆ, ಮತ್ತು ಒಮ್ಮೆ ಗಮನಿಸಿದವರಿಗೆ ಅದು ಕೊನೆಯವರೆಗೂ ಕಾಣುತ್ತಲೇ ಇರುತ್ತದೆ. ಅಲ್ಲಿನ ಪ್ರೇಕ್ಷಕರು ಬಹಳ ಮೌನವಾಗಿ, ಶ್ರದ್ಧೆಯಿಂದ ನೋಡಿದರು. ಮುಗಿದ ಮೇಲೆ ಕೇಳಿಬಂದ ಮಾತುಗಳೂ ಹೆಚ್ಚಾಗಿ ಚಿತ್ರದ ಸ್ಪಷ್ಟತೆಯನ್ನು ಕುರಿತೇ ಇದ್ದವು.

ಇನ್ನು ಉಡುಪಿಯ ಕನ್ನಡ ಪ್ರದರ್ಶನ. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ನಮ್ಮ ಗುಂಪಿನಲ್ಲಿ ಇದನ್ನು ನೋಡಿದವನು ನಾನೊಬ್ಬನೇ, ಮತ್ತು ನೋಡದವರೇ ಇದನ್ನು ಹೆಚ್ಚು ಹಳಿದವರು. ಮೊದಲ ಭಾಗ ಬಂದಾಗ ಕನ್ನಡದಲ್ಲಿ ನೋಡುವ ಪ್ರಶ್ನೆಯೇ ಇರಲಿಲ್ಲ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್ ಚಿತ್ರಗಳಿಗೆ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಆ ತಡೆಯ ವಿರುದ್ಧ ಆದೇಶ ಕೊಟ್ಟ ಬಳಿಕವೇ ದಾರಿ ನಿಧಾನವಾಗಿ ತೆರೆದುಕೊಂಡಿತು. ಎರಡನೆಯ ಭಾಗ ನಮ್ಮ ದೇಶದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದಲ್ಲೂ ಬಂತು. ನನ್ನ ಅಪ್ಪ ಮಲ್ಪೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೋಟಿನಲ್ಲಿ ದುಡಿದವರು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಾರೆ, ಇಂಗ್ಲಿಷ್ ಬಾರದು. ಕನ್ನಡದಲ್ಲಿ ಬಂದಿರದಿದ್ದರೆ ಅವರು ಈ ಚಿತ್ರಕ್ಕೆ ಬರುತ್ತಲೇ ಇರಲಿಲ್ಲ.

ಡಬ್ಬಿಂಗ್‌ನ ಭಾಷೆ ಪುಸ್ತಕದ ಭಾಷೆಯಂತಿದೆ ಎಂಬುದು ಗೆಳೆಯರ ದೂರು. ಅದು ನಿಜ. ಆದರೆ ಕರಾವಳಿಯ ಕಿವಿಗೆ ಅದು ಬೆಂಗಳೂರಿನ ಕಿವಿಗೆ ಕೇಳುವಷ್ಟು ವಿಚಿತ್ರವಾಗಿ ಕೇಳುವುದಿಲ್ಲ ಎಂಬುದು ನನ್ನ ಅನುಭವ. ನಮ್ಮ ಮನೆಮಾತು ತುಳು. ಕನ್ನಡವನ್ನು ನಾವು ಶಾಲೆಯಿಂದಲೂ ಯಕ್ಷಗಾನದಿಂದಲೂ ಪಡೆದವರು. ಆದ್ದರಿಂದಲೇ ನಮ್ಮ ಆಡುಮಾತಿನ ಕನ್ನಡವೂ ಪುಸ್ತಕಕ್ಕೆ ಹತ್ತಿರವಾಗಿಯೇ ಇದೆ. ರಾತ್ರಿಯಿಡೀ ಬಯಲಾಟದಲ್ಲಿ ಕುಳಿತು, ಮುಖಕ್ಕೆ ಬಣ್ಣ ಹಚ್ಚಿ ಕಿರೀಟ ತೊಟ್ಟ ದೇವದಾನವರು ಒಂದೂ ಇಂಗ್ಲಿಷ್ ಪದ ಬೆರೆಸದೆ ಅರ್ಥ ಹೇಳುವುದನ್ನು ಕೇಳಿ ಬೆಳೆದವರಿಗೆ, ಹತ್ತು ಅಡಿ ಎತ್ತರದ ನೀಲಿ ಮೈಯ ನಾಯಕನೊಬ್ಬ ತುಂಬು ವಾಕ್ಯಗಳಲ್ಲಿ ಕನ್ನಡ ಮಾತಾಡಿದರೆ ಅದು ಪಾತ್ರಕ್ಕೆ ತಕ್ಕದ್ದೆಂದೇ ತೋರುತ್ತದೆ. ಅಪ್ಪನಿಗೆ ಐದು ನಿಮಿಷದ ಮೇಲೆ ಅದು ಡಬ್ಬಿಂಗ್ ಎಂಬುದೇ ನೆನಪಿರಲಿಲ್ಲ. ಮನುಷ್ಯ ಪಾತ್ರಗಳು ಬಂದಾಗ ಮಾತ್ರ ತುಟಿಗೂ ಮಾತಿಗೂ ಹೊಂದಿಕೆ ತಪ್ಪುವುದು ಎದ್ದು ಕಂಡಿತು. ನಾವಿಗಳ, ಅಂದರೆ ಪಂಡೋರಾದ ನೀಲಿ ಮೈಯ ಜನರ, ಮುಖದಲ್ಲಿ ಅದು ಅಷ್ಟಾಗಿ ಕಾಡಲಿಲ್ಲ. ಕಿರಿ ಎಂಬ ಹುಡುಗಿಯ ಹೆಸರು ಕೇಳಿ, ಅವಳೇ ನಾಯಕನ ಮನೆಯ ಕಿರಿಯ ಮಗಳೆಂದು ನನ್ನ ಮಗಳು ಬಹಳ ಹೊತ್ತು ನಂಬಿದ್ದಳು. ಅವಳಿಗಿಂತ ಚಿಕ್ಕವಳಾದ ಟುಕ್ ಇದ್ದಾಳೆಂದು ನಾನು ಕಿವಿಯಲ್ಲಿ ಹೇಳಬೇಕಾಯಿತು.

ಕನ್ನಡದಲ್ಲಿ ಕಳೆದುಕೊಂಡದ್ದೂ ಇದೆ, ಅದು ಸಣ್ಣದಲ್ಲ. ಕಿರಿ ಎಂಬ ಆ ಹುಡುಗಿಯ ಪಾತ್ರವನ್ನು ಮಾಡಿದವರು 1949ರಲ್ಲಿ ಹುಟ್ಟಿದ ಸಿಗೋರ್ನಿ ವೀವರ್. ಎಪ್ಪತ್ತರ ಆಸುಪಾಸಿನ ನಟಿಯೊಬ್ಬರು ಹದಿಹರೆಯದ ಹುಡುಗಿಯ ತಡವರಿಕೆಯನ್ನೂ ಹಟವನ್ನೂ ತಮ್ಮ ದನಿಯಲ್ಲಿ ತಂದದ್ದು ಈ ಚಿತ್ರದ ದೊಡ್ಡ ಸಾಧನೆಗಳಲ್ಲಿ ಒಂದು. ಮೊದಲ ಭಾಗದಲ್ಲಿ ಅವರೇ ಮಾಡಿದ್ದ ಗ್ರೇಸ್ ಪಾತ್ರದ ನೆರಳು ಆ ದನಿಯಲ್ಲಿ ಸುಳಿಯುತ್ತದೆ. ಬೇರೆಯವರ ದನಿ ಬಂದ ಕೂಡಲೇ ಆ ನಂಟು ತಪ್ಪಿಹೋಗುತ್ತದೆ. ಈ ಒಂದು ಕಾರಣಕ್ಕಾಗಿ ಇಂಗ್ಲಿಷ್ ಬಲ್ಲವರು ಒಮ್ಮೆಯಾದರೂ ಮೂಲವನ್ನು ಕೇಳಲೇಬೇಕು.

ಆದರೂ ನನ್ನ ಒಲವನ್ನು ತೀರ್ಮಾನಿಸಿದ್ದು ಟುಲ್ಕುನ್ ಬೇಟೆಯ ದೃಶ್ಯ. ಟುಲ್ಕುನ್‌ಗಳು ತಿಮಿಂಗಿಲದಂಥ, ಮಾತು ಬಲ್ಲ, ಕೊಲ್ಲುವುದಿಲ್ಲವೆಂದು ವ್ರತ ತೊಟ್ಟ ಜೀವಿಗಳು. ಮನುಷ್ಯರ ಹಡಗು ಮರಿಯಿರುವ ತಾಯಿಯನ್ನು ಅಟ್ಟಿಸಿಕೊಂಡು ಹೋಗಿ, ಈಟಿ ಹೊಡೆದು, ಮುಳುಗದಂತೆ ಗಾಳಿಚೀಲಗಳನ್ನು ಕಟ್ಟಿ ಕೊಲ್ಲುತ್ತದೆ. ಬಳಿಕ ಮೆದುಳಿನ ಹತ್ತಿರ ಕೊರೆದು ಒಂದು ಸಣ್ಣ ಸೀಸೆಯಷ್ಟು ಹಳದಿ ದ್ರವವನ್ನು ತೆಗೆಯುತ್ತಾರೆ. ಅದು ಮನುಷ್ಯನಿಗೆ ಮುಪ್ಪು ಬಾರದಂತೆ ತಡೆಯುವ ವಸ್ತು. ಅದಕ್ಕೆ ಚಿತ್ರದಲ್ಲಿ ಇಟ್ಟ ಹೆಸರು ‘ಅಮೃತ’. ಮಂಗಳೂರಿನ ಇಂಗ್ಲಿಷ್ ಪ್ರದರ್ಶನದಲ್ಲಿ, ಅಮೆರಿಕನ್ ಉಚ್ಚಾರದಲ್ಲಿ ಆ ಪದ ಕೇಳಿಸಿದ್ದೇ ತಡ, ಇಡೀ ಸಭಾಂಗಣ ನಕ್ಕಿತು. ನಾವೂ ನಕ್ಕೆವು. ನಮ್ಮದೊಂದು ಪದ ಅಲ್ಲಿ ಹೋಗಿ ಕುಳಿತಿರುವ ಸೋಜಿಗವೇ ಮನಸ್ಸನ್ನು ತುಂಬಿ, ಪಕ್ಕದಲ್ಲಿ ಬಿದ್ದಿದ್ದ ಹೆಣ ಮರೆತುಹೋಯಿತು. ಬೆಂಗಳೂರಿನಲ್ಲೂ ಅಲ್ಲಲ್ಲಿ ನಗು ಕೇಳಿತು. ಉಡುಪಿಯಲ್ಲಿ ಯಾರೂ ನಗಲಿಲ್ಲ. ಕನ್ನಡ ಮಾತುಗಳ ನಡುವೆ ಬಂದಾಗ ‘ಅಮೃತ’ ಸೋಜಿಗದ ಪದವಾಗಿ ಉಳಿಯದೆ ತನ್ನ ಅರ್ಥದೊಂದಿಗೇ ಬಂತು: ಕಡಲನ್ನು ಕಡೆದು ತೆಗೆದದ್ದು, ಅದನ್ನು ಕುಡಿದವರಿಗೆ ಸಾವಿಲ್ಲ, ಆದರೆ ಅದಕ್ಕಾಗಿ ಸತ್ತವರು ಯಾರು ಎಂಬುದು ಕಣ್ಣ ಮುಂದೆಯೇ ಇದೆ.

ನಮ್ಮ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಮೆಲುದನಿಯಲ್ಲಿ, “ತಿಮಿಂಗಿಲದ ವಾಂತಿ ಮಾರ್ತಾರಲ್ಲ, ಹಾಗೆಯೇ ಇದು” ಎಂದರು. ಆ ವಾಂತಿಯನ್ನು, ಅಂದರೆ ಅಂಬರ್‌ಗ್ರಿಸ್ ಅನ್ನು, ಸಾಗಿಸುವವರನ್ನು ಪೊಲೀಸರು ಹಿಡಿದ ಸುದ್ದಿಯನ್ನು ನಮ್ಮ ಕಡೆಯ ಪತ್ರಿಕೆಗಳಲ್ಲಿ ಓದದವರಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟ ಅಪರಾಧ. ಪರಗ್ರಹದ ಕತೆಯೊಂದು ಒಂದೇ ಮಾತಿಗೆ ಮಲ್ಪೆ, ಗಂಗೊಳ್ಳಿಗಳ ಹತ್ತಿರ ಬಂದುಬಿಟ್ಟಿತ್ತು. ಅಪ್ಪನ ಮಾತು ಇನ್ನೂ ಬೇರೆ. ಪ್ರದರ್ಶನ ಮುಗಿದು ಹೊರಗೆ ಗೋಳಿಬಜೆ, ಚಾ ಮುಂದಿಟ್ಟುಕೊಂಡು ಕುಳಿತಾಗ ಅವರು ತಂತ್ರದ ಬಗ್ಗೆಯಾಗಲಿ, ಯುದ್ಧದ ಬಗ್ಗೆಯಾಗಲಿ ಏನನ್ನೂ ಹೇಳಲಿಲ್ಲ. “ಅಷ್ಟು ದೊಡ್ಡ ಜೀವ, ಒಂದು ಕುಪ್ಪಿ ತೆಗೆದು ಉಳಿದದ್ದನ್ನೆಲ್ಲ ಬಿಟ್ಟುಹೋದರಲ್ಲ” ಎಂದಷ್ಟೇ ತುಳುವಿನಲ್ಲಿ ಹೇಳಿದರು. ಮೀನು ಕೊಂದು ಬದುಕಿದವರು ಅವರು. ಕೊಲ್ಲುವುದು ಅವರಿಗೆ ಹೊಸದಲ್ಲ. ಕೊಂದದ್ದನ್ನು ಹಾಳುಮಾಡುವುದು, ಅದೂ ಮರಿಯಿರುವುದನ್ನು ಕೊಲ್ಲುವುದು ಅವರನ್ನು ನೋಯಿಸಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯದಿರುವುದು ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಎಂಬುದನ್ನು ಅವರು ಮೊಮ್ಮಗಳಿಗೆ ಅಂದು ವಿವರಿಸಿದರು. ನಾನು ಇಂಗ್ಲಿಷ್‌ನಲ್ಲಿ ಒಮ್ಮೆ ನೋಡಿ ಬಂದಿದ್ದರೂ ಆ ಚಿತ್ರ ಇದನ್ನು ಹೇಳುತ್ತಿದೆ ಎಂದು ನನಗೆ ಹೊಳೆದಿರಲಿಲ್ಲ.

ಹೀಗಾಗಿ ನನ್ನ ಅಭಿಪ್ರಾಯ ಇದು. ಚಿತ್ರ ಮತ್ತೆ ಥಿಯೇಟರಿಗೆ ಬಂದಾಗ ಒಂದೇ ಸಲ ನೋಡುವ ಅವಕಾಶವಿದ್ದು, ಜೊತೆಗೆ ಮನೆಯ ಹಿರಿಯರೋ ಮಕ್ಕಳೋ ಇದ್ದರೆ, ಹತ್ತಿರದ ಊರಿನ ಕನ್ನಡ ಪ್ರದರ್ಶನಕ್ಕೇ ಹೋಗಬೇಕು; ಬೆಳಕು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಅಕ್ಷರ ಓದುವ ಕೆಲಸ ತಪ್ಪಿದ ಕಣ್ಣು ಪರದೆಯನ್ನು ಪೂರ್ತಿಯಾಗಿ ನೋಡುತ್ತದೆ. ಎರಡನೆಯ ಸಲ ನೋಡುವವರು ಖರ್ಚು, ದಣಿವು ಎಣಿಸದೆ ಐಮ್ಯಾಕ್ಸ್‌ಗೆ ಹೋಗಲಿ. ಮಾಲಿನ ಇಂಗ್ಲಿಷ್ ತ್ರೀಡಿಯನ್ನು ನಾನು ಮೂರನೆಯ ಸ್ಥಾನದಲ್ಲಿಡುತ್ತೇನೆ. ಅಲ್ಲಿನ ಚಪ್ಪಾಳೆಗಾಗಿ ಹೋಗಬಹುದು, ಚಿತ್ರಕ್ಕಾಗಿ ಅಲ್ಲ. ಐಮ್ಯಾಕ್ಸ್ ಒಂದೇ ಸರಿಯಾದ ದಾರಿ ಎನ್ನುವ ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ಅವನು ಕನ್ನಡ ಪ್ರದರ್ಶನವನ್ನು ನೋಡಿಲ್ಲವೆಂಬುದನ್ನು ಮಾತ್ರ ನಾನು ಅವನಿಗೆ ಪ್ರತಿ ಸಲವೂ ನೆನಪಿಸುತ್ತೇನೆ.

ಟಿ.ವಿ.ಯ ಬಗ್ಗೆ ಹೆಚ್ಚು ಹೇಳಲು ಇಲ್ಲ. ಆಳವಿಲ್ಲ, ಗಾತ್ರವಿಲ್ಲ, ಹೊರಗೆ ಜೂನ್‌ನ ಮಳೆಯ ಸದ್ದು ಹಿನ್ನೆಲೆ ಸಂಗೀತವನ್ನು ನುಂಗಿತು. ಮಗಳ ಒತ್ತಾಯಕ್ಕೆ ಎರಡು ರಾತ್ರಿಗಳಲ್ಲಿ ಹಂಚಿಕೊಂಡು ನೋಡಿದೆವು. ಬೇಕಾದಲ್ಲಿ ನಿಲ್ಲಿಸಿ ಹವಳದ ಬಣ್ಣಗಳನ್ನು ಅವಳಿಗೆ ತೋರಿಸಿದ್ದು ಒಂದು ಅನುಕೂಲ. ಎರಡನೆಯ ರಾತ್ರಿ ಬೇಟೆಯ ದೃಶ್ಯ ಹತ್ತಿರ ಬಂದಾಗ ಅಪ್ಪ ಎದ್ದು ಜಗಲಿಗೆ ಹೋಗಿ, ಮಳೆ ನೋಡುತ್ತ ಕುಳಿತರು. ಥಿಯೇಟರಿನಲ್ಲಿ ಅವರು ಹಾಗೆ ಎದ್ದು ಹೋಗಿರಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, ಆ ತಾಯಿಯದ್ದು ಆಯಿತೇ ಎಂದು ಅಲ್ಲಿಂದಲೇ ಮಗಳನ್ನು ಕೇಳಿದರು. ಆಯಿತು ಅಜ್ಜ, ಬನ್ನಿ ಎಂದು ಅವಳು ಕರೆದ ಮೇಲೆ ಒಳಗೆ ಬಂದರು.